ಚೆರ್ರಿ ಅಲ್ಲ, ಅದು ನಮ್ಮ ಕವಳಿ ಹಣ್ಣು

ಹೋದ ವರ್ಷ ಮೇ ತಿಂಗಳ ಕೊನೆಗೆ ಬೆಂಗಳೂರಿಗೆ ಹೋಗಿದ್ದೆ. ನಮ್ಮ ಜೊತೆ ಓದಿದ ಗೆಳೆಯನೊಬ್ಬನಿಗೆ ಹೊಸ ಕೆಲಸ ಸಿಕ್ಕಿತ್ತು. ಆ ಖುಷಿಗೆ ನಮ್ಮನ್ನೆಲ್ಲ ಒಂದು ದೊಡ್ಡ ಬಾರಿಗೆ ಕರೆದುಕೊಂಡು ಹೋದ. ನನಗೆ ಕುಡಿಯುವ ಚಟ ಇಲ್ಲ. ಸುಮ್ಮನೆ ಮೆನು ಕಾರ್ಡ್ ಓದುತ್ತ ಕೂತಿದ್ದೆ. ಅದರಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು: ‘ವೈಲ್ಡ್ ಬೆರ್ರಿ ವಿಸ್ಕಿ ಸೌರ್’. ಬೆಲೆ 750 ರೂಪಾಯಿ. ತೆರಿಗೆ ಬೇರೆ.

‘ಯಾವ ಬೆರ್ರಿ ಇದು?’ ಅಂತ ಕೇಳಿದೆ. ಆರ್ಡರ್ ಬರೆದುಕೊಳ್ಳುತ್ತಿದ್ದ ಹುಡುಗ, ‘ವೆಸ್ಟರ್ನ್ ಘಾಟ್ಸ್ ಬೆರ್ರಿ ಸರ್, ತುಂಬಾ ರೇರ್’ ಅಂದ.

ಗೆಳೆಯ ಅದನ್ನೇ ತರಿಸಿದ. ಗಾಜಿನ ಲೋಟದ ತುಂಬ ನೇರಳೆ ಬಣ್ಣ, ಮೇಲೆ ಬಿಳಿ ನೊರೆ, ಅಂಚಿನಲ್ಲಿ ಕಡ್ಡಿಗೆ ಚುಚ್ಚಿಟ್ಟ ಎರಡು ಕಪ್ಪು ಹಣ್ಣು. ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ, ಹಿಂದೆಯೇ ಸಿಹಿ, ಕೊನೆಗೆ ಸ್ವಲ್ಪ ಒಗರು. ತುಟಿಗೆ ಅಂಟು ಅಂಟು. ಹಲ್ಲಿಗೆ ಸಿಕ್ಕ ಚಪ್ಪಟೆ ಬೀಜ. ನಾನು ಜೋರಾಗಿಯೇ ನಕ್ಕುಬಿಟ್ಟೆ. ಅದು ಕವಳಿ ಹಣ್ಣು.

ಹಿಂದಿನ ದಿನ ಬೆಳಿಗ್ಗೆಯಷ್ಟೇ ಖಾನಾಪುರದ ರಸ್ತೆ ಪಕ್ಕ ನಮ್ಮ ದೊಡ್ಡವ್ವ ಅದೇ ಹಣ್ಣು ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದಳು. ಲೋಟಕ್ಕೆ 20 ರೂಪಾಯಿ. ಬಸ್ಸಿನ ಕಿಟಕಿಯಿಂದ ಒಬ್ಬರು ‘ಹದಿನೈದಕ್ಕೆ ಕೊಡ್ತೀಯೇನಬೇ?’ ಅಂತ ಚೌಕಾಸಿ ಮಾಡಿದ್ದನ್ನು ನಾನೇ ಕಂಡಿದ್ದೆ.

ಊರಿಗೆ ಬಂದು ದೊಡ್ಡವ್ವನಿಗೆ ಮೊಬೈಲಿನಲ್ಲಿ ಆ ಲೋಟದ ಫೋಟೋ ತೋರಿಸಿದೆ. ಬೆಲೆ ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: ‘ಅಲ್ಲೋ ತಮ್ಮಾ, ಇದಕ್ಕ ಕವಳಿ ಅಂತ ಬರದಾರೇನು?’

ಬರೆದಿರಲಿಲ್ಲ. ಈ ಲೇಖನ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ.

ನನ್ನ ಮಾತು ಇಷ್ಟೆ. ಪಟ್ಟಣದವರು ನಮ್ಮ ಕಾಡಹಣ್ಣನ್ನು ತಮ್ಮ ವಿಸ್ಕಿಗೆ ಹಾಕಿಕೊಂಡರೆ ನನಗೆ ಸಿಟ್ಟಿಲ್ಲ. ಆದರೆ ಹಾಕುವವರು ಮೂರು ಕೆಲಸ ಮಾಡಬೇಕು. ಹಣ್ಣಿನ ಹೆಸರು ಹೇಳಬೇಕು. ಕಿತ್ತವರಿಗೆ ನ್ಯಾಯದ ಬೆಲೆ ಕೊಡಬೇಕು. ಗಿಡ ಉಳಿಸಬೇಕು. ಇದನ್ನು ಕೇಳುವ ಹಕ್ಕು ನಮಗಿದೆ. ಕೇಳದಿದ್ದರೆ ತಪ್ಪು ನಮ್ಮದೂ ಆಗುತ್ತದೆ.

ವಿಸ್ಕಿ ಸೌರ್ ಅಂದರೆ ಏನು?

ಸೌರ್ ಅಂದರೆ ಹುಳಿ. ವಿಸ್ಕಿ, ನಿಂಬೆರಸ, ಸಕ್ಕರೆ ಪಾಕ, ಈ ಮೂರನ್ನು ಐಸ್ ಜೊತೆ ಕುಲುಕಿ ಸೋಸಿದರೆ ವಿಸ್ಕಿ ಸೌರ್ ಆಯಿತು. ಕೆಲವರು ನೊರೆ ಬರಲಿ ಅಂತ ಮೊಟ್ಟೆಯ ಬಿಳಿ ಭಾಗ ಹಾಕುತ್ತಾರೆ. 19ನೇ ಶತಮಾನದಿಂದ ಅಮೆರಿಕದಲ್ಲಿ ಹೆಸರು ಮಾಡಿದ ಪಾನೀಯ ಇದು. ನಮ್ಮ ನಿಂಬೆ ಪಾನಕಕ್ಕೆ ಮದ್ಯ ಸೇರಿಸಿದ ಹಾಗೆ ಅಂದುಕೊಳ್ಳಿ.

ಹಾಗೆ ಅಂದುಕೊಂಡರೆ ತಪ್ಪೇನಿಲ್ಲ. ಈ ಹುಳಿ ಪಾನೀಯಗಳ ಹಿರಿಯಣ್ಣ ‘ಪಂಚ್’ ಅನ್ನುವ ಪಾನೀಯ. 1600ರ ನಂತರ ಈ ದೇಶಕ್ಕೆ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಇಲ್ಲಿಯ ಸಾರಾಯಿಗೆ ನಿಂಬೆ, ಸಕ್ಕರೆ, ನೀರು, ಮಸಾಲೆ ಕೂಡಿಸಿ ಕುಡಿಯುವುದನ್ನು ಕಲಿತರು. ಐದು ಸಾಮಾನು ಸೇರಿದ್ದಕ್ಕೆ ‘ಪಂಚ’ ಎಂಬ ನಮ್ಮ ಮಾತಿನಿಂದಲೇ ಆ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ದೊಡ್ಡ ಪಾತ್ರೆಯ ಪಂಚ್ ಸಣ್ಣ ಲೋಟಕ್ಕೆ ಇಳಿದು ಸೌರ್ ಆಯಿತು. ಈಗ ಅದು ಕೋಟು ಹಾಕಿಕೊಂಡು ಬೆಂಗಳೂರಿಗೆ ವಾಪಸ್ ಬಂದಿದೆ.

ಅದರೊಳಗಿನ ವಿಸ್ಕಿಯ ಕಥೆಯೂ ಕೇಳುವಂಥದ್ದೇ. ನಮ್ಮ ದೇಶದಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ವಿಸ್ಕಿಯಲ್ಲಿ ಹೆಚ್ಚಿನ ಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್ ಇರುತ್ತದೆ. ಕಾಕಂಬಿ ಗೊತ್ತಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಕಬ್ಬು ಬೆಳೆಯುವ ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಅದರ ವಾಸನೆ ಬೇರೆ ಹೇಳಬೇಕಾಗಿಲ್ಲ. ಯುರೋಪಿನ ಕಾನೂನಿನಲ್ಲಿ ಧಾನ್ಯದಿಂದ ಮಾಡಿದ್ದಕ್ಕೆ ಮಾತ್ರ ವಿಸ್ಕಿ ಅನ್ನುವ ಹೆಸರು. ಕಾಕಂಬಿಯದಕ್ಕೆ ಅಲ್ಲಿ ಆ ಹೆಸರು ಹಾಕುವಂತಿಲ್ಲ. ಜವೆಗೋಧಿಯಿಂದ ಮಾಡುವ ವಿಸ್ಕಿಯೂ ನಮ್ಮಲ್ಲಿದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಾಟಕ್ಕೆ ಬಿಟ್ಟಿದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ.

ನೋಡಿ, ಹೆಸರಿನ ವಿಷಯದಲ್ಲಿ ಆ ಜನ ಎಷ್ಟು ಬಿಗಿ. ಯಾವುದರಿಂದ ಮಾಡಿದ್ದು, ಎಲ್ಲಿಯದು, ಎಷ್ಟು ವರ್ಷದ್ದು ಎಂದು ಬಾಟಲಿ ಮೇಲೆ ಬರೆಯುತ್ತಾರೆ. ಬಾರಿನ ಮೆನುವಿನಲ್ಲೂ ವಿಸ್ಕಿಯ ಹೆಸರು, ಊರು ಎಲ್ಲ ಇತ್ತು. ಹಣ್ಣಿಗೆ ಮಾತ್ರ ಹೆಸರಿಲ್ಲ, ಬರೀ ‘ವೈಲ್ಡ್ ಬೆರ್ರಿ’.

ಚೆರ್ರಿ ಎಂಬ ಸುಳ್ಳು

ಕವಳಿಗೆ ಹೀಗೆ ಹೆಸರು ಕಳೆದುಹೋಗಿದ್ದು ಇದು ಮೊದಲ ಸಲ ಅಲ್ಲ.

ಬೇಕರಿಯ ಕೇಕಿನ ಮೇಲೆ, ಐಸ್‌ಕ್ರೀಮ್ ಮೇಲೆ, ಪಾನ್ ಮೇಲೆ ಕಡ್ಡಿ ಚುಚ್ಚಿ ಇಡುವ ಕೆಂಪು ‘ಚೆರ್ರಿ’ ನೆನಪು ಮಾಡಿಕೊಳ್ಳಿ. ನಾವು ಚಿಕ್ಕವರಿದ್ದಾಗ ಅದಕ್ಕಾಗಿ ಜಗಳ ಆಡುತ್ತಿದ್ದೆವು. ಚೆರ್ರಿ ಅಂದರೆ ಕಾಶ್ಮೀರ, ಹಿಮಾಚಲದಂಥ ತಂಪು ಪ್ರದೇಶದ ಹಣ್ಣು. ನಮ್ಮೂರ ಬೇಕರಿಗೆ ಅಷ್ಟು ಅಗ್ಗಕ್ಕೆ ವರ್ಷವಿಡೀ ಹೇಗೆ ಬರಬೇಕು? ನಮ್ಮ ದೇಶದಲ್ಲಿ ಹೀಗೆ ಸಿಗುವ ಕೆಂಪು ಚೆರ್ರಿಯಲ್ಲಿ ಬಹಳಷ್ಟು ನಿಜವಾಗಿ ಕರೋಂದಾ. ಕಾಯಿಯ ಬೀಜ ತೆಗೆದು, ಕೆಂಪು ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿ ಮಾಡುತ್ತಾರೆ. ಪಪ್ಪಾಯಿ ಕಾಯಿ ಕತ್ತರಿಸಿ ಬಣ್ಣ ಹಾಕಿ ಟೂಟಿ ಫ್ರೂಟಿ ಮಾಡುವ ಹಾಗೆಯೇ.

ಕರೋಂದಾ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಕವಳಿಯ ಬಳಗದ್ದೇ. ಅದು ತೋಟದಲ್ಲಿ ಬೆಳೆಯುವ ದಪ್ಪ ಕಾಯಿ. ನಮ್ಮ ಗುಡ್ಡದ ಕವಳಿ ಅದರ ಸಣ್ಣ, ಕಪ್ಪು, ಹೆಚ್ಚು ರುಚಿಯ ತಂಗಿ.

ಈಗ ಒಂದು ತಮಾಷೆ ಕೇಳಿ. ಹಳೆಯ ಪದ್ಧತಿಯ ವಿಸ್ಕಿ ಸೌರ್ ಲೋಟದ ಮೇಲೆ ಅಲಂಕಾರಕ್ಕೆ ಒಂದು ಚೆರ್ರಿ ಇಡುವುದು ರೂಢಿ. ಅಂದರೆ ನಮ್ಮ ದೇಶದ ಎಷ್ಟೋ ಬಾರುಗಳಲ್ಲಿ ಕವಳಿಯ ಅಕ್ಕ ಎಷ್ಟೋ ವರ್ಷಗಳಿಂದ ಬಣ್ಣ ಬಳಿದುಕೊಂಡು, ಸುಳ್ಳು ಹೆಸರಿಟ್ಟುಕೊಂಡು ಆ ಲೋಟದ ಮೇಲೆ ಕೂತಿರಬಹುದು. ಈಗ ತಂಗಿ ಬಣ್ಣ ಇಲ್ಲದೆ ಬಂದಿದ್ದಾಳೆ. ಆದರೂ ಹೆಸರು ಹೇಳಲು ಇವರಿಗೆ ಸಂಕೋಚ.

1767ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ ವೈಜ್ಞಾನಿಕ ಹೆಸರು ಕೊಟ್ಟ: ಕ್ಯಾರಿಸಾ ಕರಂಡಾಸ್. ಅದರಲ್ಲಿನ ‘ಕರಂಡಾಸ್’ ಈ ಕಡೆಯ ಜನ ಕರೆಯುತ್ತಿದ್ದ ಹೆಸರೇ. ತುಳುನಾಡಿನವರು ಇಂದಿಗೂ ಕರಂಡೆ ಅಂತಾರೆ. ನಮ್ಮೂರ ಮರಾಠಿ ಮಾತಿನವರು ಕರವಂದ ಅಂತಾರೆ. ಸ್ವೀಡನ್ನಿನಲ್ಲಿ ಕೂತವನೊಬ್ಬ 250 ವರ್ಷಗಳ ಹಿಂದೆ ನಮ್ಮ ಮಾತನ್ನು ಉಳಿಸಿಕೊಂಡ. ಖಾನಾಪುರದಿಂದ ಒಂದು ರಾತ್ರಿಯ ಬಸ್ ದಾರಿಯಲ್ಲಿರುವ ಬೆಂಗಳೂರಿನ ಬಾರಿಗೆ ಅದು ಆಗಲಿಲ್ಲ.

ಕವಳಿ ಈ ಲೋಟಕ್ಕೆ ಒಪ್ಪುತ್ತದೆಯೇ?

ಒಪ್ಪುತ್ತದೆ. ಸುಮ್ಮನೆ ಸ್ವಾಭಿಮಾನಕ್ಕೆ ಹೇಳುತ್ತಿಲ್ಲ, ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಮುಂದಿನ ಸಲ ಹೋಗುವಾಗ ಒಂದು ಡಬ್ಬಿ ಕವಳಿ ಪಾಕ ಒಯ್ದು, ಗೆಳೆಯನ ರೂಮಿನಲ್ಲಿ ಮಾಡಿ ನೋಡಿದೆವು.

ಪಾಕ ಮಾಡುವುದು ಹೀಗೆ. ಚೆನ್ನಾಗಿ ಕಪ್ಪಾದ ಹಣ್ಣು ಒಂದು ಲೋಟ. ಉಪ್ಪು ನೀರಿನಲ್ಲಿ ಎರಡು ಸಲ ತೊಳೆದರೆ ತೊಟ್ಟಿನ ಹಾಲು ಹೋಗುತ್ತದೆ. ಒಂದು ಲೋಟ ನೀರು, ಅರ್ಧ ಲೋಟ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಸೌಟಿನಿಂದ ಹಿಸುಕಿ, ಆರಿದ ಮೇಲೆ ಜರಡಿಯಲ್ಲಿ ಸೋಸಿ. ಹೆಚ್ಚು ಕಡಿಮೆ ಒಂದು ಲೋಟ ಪಾಕ ಸಿಗುತ್ತದೆ. ಕಾಯಿ ಜಾಸ್ತಿ ಸೇರಿದರೆ ಪಾಕ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ಕವಳಿಕಾಯಿಯಲ್ಲಿ ಪೆಕ್ಟಿನ್ ಹೆಚ್ಚು. ಜೆಲ್ಲಿ ಬೇಕಾದವರು ಬೇಕಂತಲೇ ಕಾಯಿ ಹಾಕಬಹುದು.

ಸಾಮಾನ್ಯ ವಿಸ್ಕಿ ಸೌರ್‌ಗೆ 60 ಮಿಲಿ ವಿಸ್ಕಿ, 25 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಪಾಕ ಹಾಕುತ್ತಾರೆ. ಕವಳಿ ತಾನೇ ಹುಳಿ ಇರುವುದರಿಂದ ನಿಂಬೆರಸವನ್ನು 10 ಮಿಲಿಗೆ ಇಳಿಸಿದೆವು, ಸಕ್ಕರೆ ಪಾಕದ ಬದಲು ಕವಳಿ ಪಾಕ 25 ಮಿಲಿ ಹಾಕಿದೆವು. ವಿಸ್ಕಿಯನ್ನು ವರ್ಷಗಟ್ಟಲೆ ಓಕ್ ಮರದ ಪೀಪಾಯಿಯಲ್ಲಿ ಇಡುವುದರಿಂದ ಅದಕ್ಕೆ ಒಂದು ಒಗರು ಬಂದಿರುತ್ತದೆ. ಕವಳಿಗೂ ಒಗರಿದೆ. ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕುಡಿದವರು ಚೆನ್ನಾಗಿದೆ ಅಂದರು.

ನಾನು ಮಾತ್ರ ವಿಸ್ಕಿ ಬದಲು ಅದಕ್ಕೆ ಆರಿದ ಕಪ್ಪು ಚಹಾ ಹಾಕಿಕೊಂಡೆ. ಒಗರು ಚಹಾದಲ್ಲೂ ಇದೆಯಲ್ಲ! ಅರ್ಧ ಲೋಟ ಗಟ್ಟಿ ಕಪ್ಪು ಚಹಾ, ಎರಡು ಚಮಚ ಕವಳಿ ಪಾಕ, ನಾಲ್ಕು ಹನಿ ನಿಂಬೆ, ಚಿಟಿಕೆ ಉಪ್ಪು, ಸ್ವಲ್ಪ ಮೆಣಸಿನಪುಡಿ. ಕಾಳುಮೆಣಸು, ಕೆಂಪು ಮೆಣಸಲ್ಲ. ಮಡಕೆಯ ತಣ್ಣೀರು ಸೇರಿಸಿದರೆ ಮುಗಿಯಿತು. ಈ ಬೇಸಿಗೆಗೆ ಮನೆಯಲ್ಲಿ ಮಾಡಿ ನೋಡಿ. ಮಕ್ಕಳಿಗಾದರೆ ಚಹಾ ಬೇಡ, ಬರೀ ಪಾಕ ಮತ್ತು ನೀರು ಸಾಕು.

ಹಣ್ಣು ಕೀಳುವುದೂ ಒಂದು ವಿದ್ಯೆ

ಬಾರಿನವರು ಹೇಳಬಹುದು: ‘ಕಾಡಲ್ಲಿ ತಾನಾಗಿ ಬೆಳೆಯುವ ಹಣ್ಣು. ಕಿತ್ತು ತಂದಿದ್ದಕ್ಕೆ ಇಷ್ಟು ಸಾಕಲ್ಲವೇ?’

ಕಿತ್ತು ತರುವುದು ಅಂದರೇನು ಅಂತ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ದೊಡ್ಡವ್ವ ನಸುಕಿನಲ್ಲಿ ಎದ್ದು ಹೋಗುತ್ತಾಳೆ. ಬಿಸಿಲೇರಿದರೆ ಬುಟ್ಟಿಯಲ್ಲೇ ಹಣ್ಣು ಮೆತ್ತಗಾಗುತ್ತದೆ. ಕವಳಿ ಮುಳ್ಳು ಜೋಡಿ ಮುಳ್ಳು, ಸೀರೆ ಹರಿಯುತ್ತದೆ, ಮೈ ಗೀರುತ್ತದೆ. ಕೈಗೆಲ್ಲ ಹಾಲಿನ ಅಂಟು. ಯಾವ ಪೊದೆ ಸಿಹಿ, ಯಾವುದು ಬರೀ ಹುಳಿ, ಯಾವ ಇಳಿಜಾರಿನಲ್ಲಿ ಮೊದಲು ಹಣ್ಣಾಗುತ್ತದೆ, ಎಲ್ಲ ಅವಳ ತಲೆಯಲ್ಲಿದೆ. ದೊಡ್ಡ ಮಳೆ ಒಂದು ಹೊಡೆದರೆ ಹಣ್ಣಿನ ರುಚಿ ನೀರಾಗುತ್ತದೆ, ಹುಳ ಬೀಳುತ್ತದೆ. ಸಿಗುವುದೇ ಕೆಲವು ವಾರ.

ಇನ್ನೊಂದು ಮುಖ್ಯ ವಿಷಯ. ಕವಳಿ ಕಣಗಿಲೆಯ ಕುಟುಂಬದ್ದು. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಬೇಲಿ ಬದಿಯಲ್ಲಿ ಹಳದಿ ಹೂ ಬಿಡುವ ಕಣಗಿಲೆಯ ಕಾಯಿ ಹಣ್ಣಾದಾಗ ಕಪ್ಪಾಗುತ್ತದೆ, ಮುರಿದರೆ ಅದರಲ್ಲೂ ಹಾಲು ಬರುತ್ತದೆ. ತಿಂದರೆ ಜೀವಕ್ಕೇ ಅಪಾಯ. ‘ಕಪ್ಪು ಹಣ್ಣು, ಹಾಲು ಬರುತ್ತದೆ’ ಅನ್ನುವಷ್ಟನ್ನೇ ಮೊಬೈಲಿನಲ್ಲಿ ನೋಡಿಕೊಂಡು ಕಾಡಿಗೆ ಹೋಗುವವರು ಇದನ್ನು ಮರೆಯಬಾರದು. ಯಾವುದು ತಿನ್ನಬೇಕು, ಯಾವುದನ್ನು ಮುಟ್ಟಬಾರದು ಅನ್ನುವ ಅರಿವು ನಮ್ಮ ಹೆಣ್ಣುಮಕ್ಕಳಲ್ಲಿ ತಲೆತಲಾಂತರದಿಂದ ಬಂದಿದೆ. ಬಾರಿನವರು ಕೊಳ್ಳುವುದು ಹಣ್ಣನ್ನು ಮಾತ್ರ ಅಲ್ಲ, ಈ ಅರಿವನ್ನೂ ಕೊಳ್ಳುತ್ತಾರೆ. ಅದಕ್ಕೆ ಇವತ್ತು ಸಿಗುತ್ತಿರುವ ಬೆಲೆ ಸೊನ್ನೆ.

ಲೆಕ್ಕ ಮಾಡೋಣ

ಒಂದು ಲೋಟ ಹಣ್ಣಿಗೆ 20 ರೂಪಾಯಿ. ಅದರಿಂದ ಬರುವ ಪಾಕ ಸುಮಾರು 200 ಮಿಲಿ. ಒಂದು ಡ್ರಿಂಕಿಗೆ 25 ಮಿಲಿ ಅಂದರೆ ಎಂಟು ಡ್ರಿಂಕ್. ಅಂದರೆ 750 ರೂಪಾಯಿಯ ಲೋಟದಲ್ಲಿ ಹಣ್ಣು ಕಿತ್ತವಳ ಪಾಲು ಎರಡೂವರೆ ರೂಪಾಯಿ. ಅದೂ ನೇರವಾಗಿ ಅವಳಿಂದಲೇ ಕೊಂಡರೆ. ನಡುವೆ ದಲ್ಲಾಳಿ ಬಂದರೆ ಇನ್ನೂ ಕಡಿಮೆ.

ಬಾರಿನವರಿಗೂ ಖರ್ಚಿದೆ, ಒಪ್ಪುತ್ತೇನೆ. ವಿಸ್ಕಿಯ ಬೆಲೆ, ಲೈಸೆನ್ಸು, ಬಾಡಿಗೆ, ಸಂಬಳ, ತೆರಿಗೆ ಎಲ್ಲ ಇದೆ. ಆದರೆ ಆ ಡ್ರಿಂಕಿಗೆ ಹೆಚ್ಚಿನ ಬೆಲೆ ಬಂದಿದ್ದೇ ‘ವೈಲ್ಡ್’ ಅನ್ನುವ ಮಾತಿನಿಂದ. ಹಣ್ಣಿನ ಬೆಲೆಯನ್ನು ಎರಡು ಪಟ್ಟು ಮಾಡಿ ಲೋಟಕ್ಕೆ 40 ರೂಪಾಯಿ ಕೊಟ್ಟರೂ ಒಂದು ಡ್ರಿಂಕಿಗೆ ಅವರಿಗೆ ಬೀಳುವ ಹೆಚ್ಚಿನ ಖರ್ಚು ಎರಡೂವರೆ ರೂಪಾಯಿ. ಕುಡಿಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ದೊಡ್ಡವ್ವನಿಗೆ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಹೊಲದಲ್ಲಿ ಕೂಲಿ ಇರುವುದಿಲ್ಲ. ಕವಳಿ ದುಡ್ಡಿನಲ್ಲೇ ಅವಳು ಜೂನ್ ತಿಂಗಳಲ್ಲಿ ಮೊಮ್ಮಕ್ಕಳಿಗೆ ನೋಟ್‌ಬುಕ್ ಕೊಡಿಸುವುದು.

ಈ ವರ್ಷ ಗಾಡಿಯೇ ಊರಿಗೆ ಬಂತು

ಹೋದ ವರ್ಷ ನಕ್ಕು ಸುಮ್ಮನಾಗಿದ್ದ ನಾನು ಈ ವರ್ಷ ಬರೆಯಲು ಕೂತಿದ್ದಕ್ಕೆ ಇನ್ನೊಂದು ಕಾರಣ ಇದೆ.

ಈ ಏಪ್ರಿಲ್ ಕೊನೆಗೆ ಒಂದು ಪಿಕಪ್ ಗಾಡಿ ನಮ್ಮೂರಿಗೆ ಬಂತು. ಕ್ರೇಟುಗಟ್ಟಲೆ ಕವಳಿ ಬೇಕು ಅಂದರು. ಒಂದು ಕ್ರೇಟಿಗೆ ಇಷ್ಟು ಅಂತ ಸಾಲೆಯ ಹುಡುಗರಿಗೆ ಆಸೆ ತೋರಿಸಿದರು. ಹುಡುಗರಿಗೆ ರಜೆ. ಒಂದೊಂದೇ ಹಣ್ಣು ಕೀಳುವ ತಾಳ್ಮೆ ಯಾರಿಗಿದೆ? ಕುಡುಗೋಲು ಒಯ್ದು ಟೊಂಗೆ ಕಡಿದು, ಟಾರ್ಪಾಲಿನ ಮೇಲೆ ಬಡಿದು ಉದುರಿಸಿದರು. ಕಾಯಿ, ದೋರಗಾಯಿ, ಹಣ್ಣು ಎಲ್ಲ ಒಟ್ಟಿಗೆ. ಎರಡೇ ದಿನದಲ್ಲಿ ಗಾಡಿ ತುಂಬಿ ಹೋಯಿತು.

ಮೂರನೇ ದಿನ ನಸುಕಿನಲ್ಲಿ ಹೋದ ದೊಡ್ಡವ್ವ ಅರ್ಧ ಬುಟ್ಟಿಯೂ ತುಂಬದೆ ವಾಪಸ್ ಬಂದಳು. ಬೈಯಲಿಲ್ಲ. ‘ಹಕ್ಕಿಗೂ ಬಿಟ್ಟಿಲ್ಲ ನೋಡ ತಮ್ಮಾ’ ಅಂದಳು, ಅಷ್ಟೆ.

ನಮ್ಮ ಹಿರಿಯರದ್ದು ಒಂದು ಅಲಿಖಿತ ನಿಯಮ ಇತ್ತು. ಪೊದೆಯ ಒಳಗಿನದು, ತುದಿಯದು ಕೀಳಬಾರದು. ಅದು ಹಕ್ಕಿ, ನರಿ, ಕರಡಿಯ ಪಾಲು. ಅವು ತಿಂದು ಬೀಜ ಹಾಕಿದರೇ ಹೊಸ ಪೊದೆ ಏಳುವುದು. ಟೊಂಗೆ ಕಡಿದರೆ ಆ ಟೊಂಗೆಯ ಮುಂದಿನ ಬೆಳೆಯೂ ಹೋದಂತೆ. ಮೊದಲೇ ಬೇಲಿಗಳಲ್ಲಿದ್ದ ಕವಳಿ ಹೋಗಿ ತಂತಿ ಬಂದಿದೆ. ಉಳಿದಿದ್ದು ಗುಡ್ಡದಲ್ಲಿ ಮಾತ್ರ.

ಹಾಗಾಗಿ ಪಟ್ಟಣದವರನ್ನಷ್ಟೇ ಬೈದು ಕೈ ತೊಳೆದುಕೊಳ್ಳುವಂತಿಲ್ಲ. ಕುಡುಗೋಲು ಹಿಡಿದವರು ನಮ್ಮ ಹುಡುಗರೇ.

ಕಾನೂನು ನಮ್ಮ ಕೈಯಲ್ಲಿದೆ

ಎರಡು ಕಾನೂನು ನಿಮಗೆ ಗೊತ್ತಿರಲಿ.

ಒಂದು, 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನಲ್ಲಿ ಬದುಕುತ್ತ ಬಂದ ಪರಿಶಿಷ್ಟ ಪಂಗಡದವರಿಗೂ, ಮೂರು ತಲೆಮಾರಿನಿಂದ ಅಂದರೆ 75 ವರ್ಷದಿಂದ ಕಾಡನ್ನು ನಂಬಿ ಬದುಕಿದ ಇತರರಿಗೂ, ಹಿಂದಿನಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಇದು ಒಡೆತನದ ಹಕ್ಕು ಕೊಡುತ್ತದೆ. ಸಂಗ್ರಹಿಸುವ, ಬಳಸುವ, ಮಾರುವ ಹಕ್ಕೂ ಅದರಲ್ಲಿದೆ. ಇದಕ್ಕೆ ಅರ್ಜಿ ಶುರುವಾಗುವುದೇ ಗ್ರಾಮಸಭೆಯಲ್ಲಿ.

ಎರಡು, 2002ರ ಜೀವವೈವಿಧ್ಯ ಕಾಯ್ದೆ. ಇದರ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಹಣ್ಣು, ಔಷಧಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಒಂದು ದಾಖಲೆಯಲ್ಲಿ ಬರೆದಿಡಬೇಕು. ವ್ಯಾಪಾರಕ್ಕಾಗಿ ಊರಿನ ಜೀವಸಂಪತ್ತು ಒಯ್ಯುವವರ ಮೇಲೆ ಶುಲ್ಕ ಹಾಕುವ ಅಧಿಕಾರವೂ ಈ ಸಮಿತಿಗಿದೆ.

ನಿಮ್ಮ ಪಂಚಾಯ್ತಿಯಲ್ಲಿ ಈ ಸಮಿತಿ ಇದೆಯೇ? ಸದಸ್ಯರು ಯಾರು? ದಾಖಲೆಯಲ್ಲಿ ಕವಳಿಯ ಹೆಸರಿದೆಯೇ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬೆಂಗಳೂರಿನ ಮೆನುವಿನಲ್ಲಿ ಹೆಸರಿಲ್ಲ ಅಂತ ಬೇಸರ ಮಾಡಿಕೊಳ್ಳುವ ಮೊದಲು ನಮ್ಮ ಪಂಚಾಯ್ತಿಯ ಪುಸ್ತಕದಲ್ಲಿ ಇದೆಯೋ ಇಲ್ಲವೋ ನೋಡೋಣ.

ಕುಡಿತಕ್ಕೆ ಯಾಕೆ ಬೆಂಬಲ?

ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮವ್ವನೇ ಕೇಳಿದಳು. ‘ಕುಡದ ಮನಿ ಹಾಳ ಮಾಡ್ಕೊಂಡಾರ ಮಂದಿ. ನೀ ಅದರ ಬಗ್ಗೆ ಬರಿಯಾಕ ಹತ್ತೀಯಲ್ಲ?’

ಅವ್ವನ ಮಾತು ಸುಳ್ಳಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಆದರೆ ಕುಡಿತ ಬಂದ್ ಆಗಲಿಲ್ಲ, ಅಗ್ಗದ ವಿಸ್ಕಿಯ ಪ್ಯಾಕೆಟ್ ಆ ಜಾಗಕ್ಕೆ ಬಂತು. ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುವುದನ್ನು ನಾವೆಲ್ಲ ನೋಡಿದ್ದೇವೆ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧ ಆಗಲಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಹೋದರು. ಅವರ ಸಂಕಟದ ಮುಂದೆ ಈ ಡ್ರಿಂಕಿನ ರುಚಿ ದೊಡ್ಡ ಮಾತೇನೂ ಅಲ್ಲ.

ನಾನು ಯಾರಿಗೂ ಕುಡಿಯಿರಿ ಅನ್ನುತ್ತಿಲ್ಲ. ಮನೆಯಲ್ಲಿ ಕವಳಿ ಹಾಕಿ ಮದ್ಯ ಮಾಡಿ ಅಂತಲೂ ಅಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ನಾವು ಬೇಡ ಅಂದರೂ ಆ ಲೋಟ ಬೆಂಗಳೂರಿನಲ್ಲಿ ತುಂಬುತ್ತಲೇ ಇರುತ್ತದೆ. ಹಣ್ಣು ಹೋಗುತ್ತಲೇ ಇರುತ್ತದೆ. ಹೆಸರಿಲ್ಲದೆ, ಬೆಲೆಯಿಲ್ಲದೆ ಹೋಗಬೇಕೋ, ನಮ್ಮ ಷರತ್ತಿನ ಮೇಲೆ ಹೋಗಬೇಕೋ ಅನ್ನುವುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ನನ್ನ ಸಲಹೆ ಇದು. ಹಣ್ಣು ಮಾರಬೇಡಿ, ಪಾಕ ಮಾರಿ. ಹಣ್ಣು ಎರಡು ಮೂರು ದಿನದಲ್ಲಿ ಕೆಡುತ್ತದೆ. ಅದಕ್ಕೇ ಸಂಜೆಯಾದಂತೆ 20ರದ್ದು 10ಕ್ಕೆ ಇಳಿಯುತ್ತದೆ. ಪಾಕಕ್ಕೆ ಆ ಅವಸರ ಇಲ್ಲ. ಊರಿನ ಸ್ವಸಹಾಯ ಸಂಘದವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು, ಬಾಟಲಿ ಮೇಲೆ ದೊಡ್ಡದಾಗಿ ‘ಕವಳಿ’ ಅಂತ ಕನ್ನಡದಲ್ಲೇ ಬರೆದು ಮಾರಲಿ. ಅದನ್ನು ಬಾರಿನವರು ವಿಸ್ಕಿಗೆ ಹಾಕಿಕೊಳ್ಳಲಿ, ಮನೆಯವರು ಮಕ್ಕಳಿಗೆ ಶರಬತ್ತು ಮಾಡಿಕೊಡಲಿ. ಕುಡಿತದ ಮೇಲೆ ಮಾತ್ರ ನಿಂತ ವ್ಯಾಪಾರ ನಮಗೆ ಬೇಡ.

ಹೆಸರಿನಿಂದ ಬೆಲೆ ಬರುತ್ತದೆಯೇ ಅನ್ನುವವರು ಪಕ್ಕದ ಗೋವಾ ನೋಡಿ. ಗೇರುಹಣ್ಣು ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಆದರೂ ಗೋವಾದವರು ಗೇರುಹಣ್ಣಿನ ಫೆನಿಯನ್ನು ತಮ್ಮದು ಅಂತ ಹಿಡಿದುಕೊಂಡರು. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈಗ ಬೇರೆ ಕಡೆಯವರು ಆ ಹೆಸರು ಬಳಸುವಂತಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇಲಿಯ ಮುಳ್ಳುಗಿಡದಲ್ಲಿ ‘ಸ್ಲೋ’ ಅನ್ನುವ ಸಣ್ಣ ಕಪ್ಪು ಒಗರು ಹಣ್ಣು ಬಿಡುತ್ತದೆ, ನಮ್ಮ ಕವಳಿಯ ಹಾಗೆಯೇ. ಅದನ್ನು ಜಿನ್ ಎಂಬ ಮದ್ಯದಲ್ಲಿ ಸಕ್ಕರೆ ಜೊತೆ ನೆನೆಸಿಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಸ್ಲೋ ಜಿನ್. ‘ವೈಲ್ಡ್ ಬೆರ್ರಿ ಜಿನ್’ ಅಂತ ಇಡಲಿಲ್ಲ. ಬೇಲಿಯ ಹಣ್ಣಿನ ಹೆಸರು ಹೇಳಲು ಅವರಿಗೆ ನಾಚಿಕೆ ಆಗಲಿಲ್ಲ.

ಕೊನೆಗೆ

ಈ ಮಳೆಗಾಲಕ್ಕೆ ನಾವು ನಾಲ್ಕು ಹುಡುಗರು ಸೇರಿ ಒಂದು ಕೆಲಸ ಮಾಡಿದ್ದೇವೆ. ಕುಡುಗೋಲು ಹಿಡಿದಿದ್ದ ಹುಡುಗರನ್ನೇ ಕರೆದುಕೊಂಡು ದೊಡ್ಡವ್ವನ ಹೊಲದ ಬದುವಿಗೆ ಕವಳಿ ಬೀಜ ಹಾಕಿದ್ದೇವೆ. ಕವಳಿ ಬೀಜ ಹಸಿಯದೇ ಹಾಕಬೇಕು, ಒಣಗಿಸಿ ಇಟ್ಟರೆ ಹುಟ್ಟುವುದು ಕಡಿಮೆ. ಬೇಲಿಯೂ ಆಯಿತು, ಹಣ್ಣೂ ಆಯಿತು. ಹಣ್ಣು ಬಿಡಲು ಕೆಲವು ವರ್ಷ ಕಾಯಬೇಕು.

ಆ ಬಾರಿಗೂ ಒಂದು ಪತ್ರ ಬರೆದಿದ್ದೇನೆ. ಬೈದು ಬರೆದಿಲ್ಲ. ‘ನಿಮ್ಮ ಡ್ರಿಂಕ್ ಚೆನ್ನಾಗಿದೆ. ಅದರಲ್ಲಿರುವ ಹಣ್ಣಿನ ಹೆಸರು ಕವಳಿ. ಮೆನುವಿನಲ್ಲಿ ಹಾಗೆಯೇ ಬರೆಯಿರಿ. ಹಣ್ಣು ಬೇಕಾದರೆ ನಮ್ಮೂರ ಹೆಣ್ಣುಮಕ್ಕಳನ್ನೇ ಕೇಳಿ, ಬೆಲೆ ಅವರೇ ಹೇಳುತ್ತಾರೆ’ ಅಂತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ತಿಳಿಸುತ್ತೇನೆ.

ನಿಮ್ಮ ಕಡೆ ಈ ಹಣ್ಣಿಗೆ ಏನಂತಾರೆ? ಈಗ ಲೋಟಕ್ಕೆ ಎಷ್ಟು? ನಿಮ್ಮೂರಿಗೂ ಗಾಡಿ ಬಂದಿತ್ತೇ? ಬರೆದು ತಿಳಿಸಿ. ನಿಮ್ಮ ಮನೆಯ ಅಜ್ಜಿ, ದೊಡ್ಡವ್ವನನ್ನು ಕೇಳಿ ಬರೆಯಿರಿ. ಈ ವಿಷಯದಲ್ಲಿ ನನಗಿಂತ, ಆ ಬಾರಿನವರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ.